ಲಸಿಕೆಯೂ ಲೋಕದ ಶಂಕೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿ ಅವನ್ನೇ ಓದಿಸಿಕೊಂಡಿರುವವನು ಲಸಿಕೆಯ ವಿಷಯವನ್ನು ಎತ್ತಿಕೊಂಡುದೇಕೆಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ನಾನು ವೈದ್ಯನಲ್ಲ. ಯಾವ ರೋಗಕ್ಕೆ ಯಾವ ಮದ್ದೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಮಗುವಿನ ತೋಳಿಗೆ ಸೂಜಿ ತಾಗುವ ಮುನ್ನ ತಾಯಿಯ ಮನಸ್ಸಿನಲ್ಲಿ ಏಳುವ ಶಂಕೆಯುಂಟಲ್ಲ, ಅದು ವೈದ್ಯಶಾಸ್ತ್ರದ ಶಂಕೆಯಲ್ಲ. ಯಾರ ಮಾತನ್ನು ನಂಬಬೇಕು, ಏತಕ್ಕೆ ನಂಬಬೇಕು ಎಂಬ ಶಂಕೆ. ಇದು ತರ್ಕಶಾಸ್ತ್ರಕ್ಕೆ ಸೇರಿದ ಪ್ರಶ್ನೆ. ಆದಕಾರಣ ಈ ವಿಷಯವನ್ನು ನಮ್ಮ ಶಾಸ್ತ್ರದ ಕ್ರಮದಲ್ಲಿಯೇ ವಿಚಾರಿಸಬಹುದೆಂದು ನನಗೆ ತೋರಿತು. ಶಾಸ್ತ್ರದಲ್ಲಿ ಪ್ರತಿವಾದಿಯನ್ನು ಮೂರ್ಖನೆಂದು ಜರೆದು ಮುಂದೆ ಹೋಗುವ ಪದ್ಧತಿಯಿಲ್ಲ. ಮೊದಲು ಅವನ ಪಕ್ಷವನ್ನು ಅವನೇ ಒಪ್ಪುವಂತೆ ಪೂರ್ಣವಾಗಿ ನಿರೂಪಿಸಬೇಕು. ಇದು ಪೂರ್ವಪಕ್ಷ. ಅನಂತರವೇ ಸಿದ್ಧಾಂತ. ಲಸಿಕೆಯ ವಿಷಯದಲ್ಲಿ ಅನೇಕ ವಿದ್ಯಾವಂತರು ಈ ಮೊದಲನೆಯ ಮೆಟ್ಟಿಲನ್ನೇ ಹತ್ತದೆ ಎರಡನೆಯದಕ್ಕೆ ಹಾರುತ್ತಾರೆ. ಅದರಿಂದಲೇ ಅವರ ಮಾತು ಜನರ ಮನಸ್ಸಿಗೆ ನಾಟುವುದಿಲ್ಲ.

ಮೊದಲು ಲಸಿಕೆಯ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಅರಿಕೆ ಮಾಡುತ್ತೇನೆ. ಸಿಡುಬು, ಮೈಲಿ, ಅಮ್ಮ ಎಂದು ನಮ್ಮ ಜನರು ಕರೆದ ಬೇನೆಯನ್ನು ಆಯುರ್ವೇದವು ಮಸೂರಿಕೆ ಎಂದು ಹೆಸರಿಸಿತು. ಮಾಧವನಿದಾನದಲ್ಲಿ ಅದಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಉಂಟು. ಒಮ್ಮೆ ಈ ಬೇನೆ ಬಂದು ಬದುಕಿದವನಿಗೆ ಅದು ಮತ್ತೆ ಬಾರದೆಂಬುದನ್ನು ಪೂರ್ವಿಕರು ಕಂಡುಕೊಂಡಿದ್ದರು. ಬಂಗಾಳವೇ ಮೊದಲಾದ ಕಡೆಗಳಲ್ಲಿ ಸಿಡುಬಿನ ಕೀವನ್ನೇ ಸ್ವಲ್ಪವಾಗಿ ಚರ್ಮಕ್ಕೆ ಸೋಕಿಸಿ, ಸೌಮ್ಯವಾದ ಬೇನೆಯನ್ನು ಬರಿಸಿ, ಘೋರವಾದುದನ್ನು ತಪ್ಪಿಸುವ ವೃತ್ತಿಯವರಿದ್ದರು. ಇವರ ಕ್ರಮವನ್ನು ಹಾಲ್ವೆಲ್ ಎಂಬ ಆಂಗ್ಲ ವೈದ್ಯನು 1767ರಲ್ಲಿ ಬರೆದು ಪ್ರಕಟಿಸಿದನು. ಈ ಕ್ರಮದಲ್ಲಿ ಅಪಾಯವೂ ಇತ್ತು. ಕೆಲವರು ಅದರಿಂದಲೇ ತೀರಿಹೋಗುತ್ತಿದ್ದರು, ಅವರಿಂದ ಬೇನೆ ಇತರರಿಗೂ ಹರಡುತ್ತಿತ್ತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲೆಂಡಿನ ವೈದ್ಯನು ಹಸುವಿನ ಕೆಚ್ಚಲಿಗೆ ಬರುವ ಸೌಮ್ಯವಾದ ಸಿಡುಬಿನ ಕೀವನ್ನು ಒಬ್ಬ ಬಾಲಕನಿಗೆ ಹಾಕಿ, ಅದರಿಂದ ಮನುಷ್ಯರ ಸಿಡುಬು ತಡೆಯಲ್ಪಡುವುದೆಂದು ತೋರಿಸಿದನು. ಆ ವಸ್ತುವು ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂದಿತು. 1802ನೆಯ ಜೂನ್ 14ರಂದು ಅಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಹಾಕಿದುದೇ ಭರತಖಂಡದಲ್ಲಿ ಫಲಿಸಿದ ಮೊದಲನೆಯ ಲಸಿಕೆ.

ನಮ್ಮ ನಾಡಿಗೆ ಅದು ಬಂದ ಬಗೆ ಸ್ಮರಣೀಯವಾದುದು. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರಲ್ಲಿ ಬರೆದ ಒಂದು ಚಿತ್ರಪಟದಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರು ಮೈಸೂರಿನ ಅರಮನೆಯವರೆಂದೂ, ಅವರಲ್ಲಿ ಕಿರಿಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ಆಕೆ ಸೀರೆಯ ಸೆರಗನ್ನು ಸರಿಸಿ ತೋಳಿನಲ್ಲಿ ದಾಕು ಹಾಕಿದ ಸ್ಥಳವನ್ನು ತೋರಿಸುತ್ತಿದ್ದಾಳೆಂದೂ ಇತಿಹಾಸ ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಪ್ರಜೆಗಳಿಗೆ ಹೇಳುವ ಮುನ್ನ ಅರಮನೆಯವರು ತಾವೇ ಹಾಕಿಸಿಕೊಂಡರೆಂಬ ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಅದರ ಪ್ರಯೋಜನ ಬೀಳುವುದು.

ಇನ್ನು ಪೂರ್ವಪಕ್ಷ. ಜನರು ಲಸಿಕೆಗೆ ಹಿಂಜರಿದುದೇಕೆ? ಈಗಲೂ ಹಿಂಜರಿಯುವುದೇಕೆ?

ಮೊದಲನೆಯ ಕಾರಣ ದೈವಭೀತಿ. ಸಿಡುಬು ಅಮ್ಮನ ಬರವು; ಬಂದವಳನ್ನು ತಣಿಸಿ ಕಳುಹಬೇಕಲ್ಲದೆ ಅಡ್ಡಗಟ್ಟಬಾರದು ಎಂದು ಜನರು ನಂಬಿದ್ದರು. ಈ ನಂಬಿಕೆಯನ್ನು ಹಾಸ್ಯ ಮಾಡುವುದು ಸುಲಭ. ಆದರೆ ಅದರೊಡನೆ ಬೇವಿನ ಸೊಪ್ಪು, ತಂಪಾದ ಆಹಾರ, ಹೊರಗಿನವರು ಮನೆಯೊಳಗೆ ಬಾರದಿರುವ ಕಟ್ಟಳೆ ಇವೆಲ್ಲ ಇದ್ದುವು. ಬೇರೆ ಮದ್ದಿಲ್ಲದ ಕಾಲದಲ್ಲಿ ರೋಗಿಯ ಶುಶ್ರೂಷೆಗೆ ಅದೊಂದು ವ್ಯವಸ್ಥೆಯೇ ಆಗಿತ್ತು.

ಎರಡನೆಯ ಕಾರಣ ಶುಚಿತ್ವದ ಶಂಕೆ. ಮೊದಮೊದಲು ಒಬ್ಬ ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ರಸವನ್ನು ತೆಗೆದು ಮತ್ತೊಬ್ಬ ಮಗುವಿನ ತೋಳಿಗೆ ಹಾಕುತ್ತಿದ್ದರು. ಯಾರ ಮನೆಯ ಮಗುವಿನ ರಸ ಯಾರ ಮನೆಯ ಮಗುವಿನ ಮೈ ಸೇರುವುದೋ ಎಂಬ ಜಾತಿಯ ಅಳುಕು ಒಂದು. ಒಬ್ಬರ ರೋಗ ಮತ್ತೊಬ್ಬರಿಗೆ ತಗುಲೀತೆಂಬ ಭಯ ಇನ್ನೊಂದು. ಮೊದಲನೆಯದು ತ್ಯಾಜ್ಯವಾದರೂ ಎರಡನೆಯದು ಸಕಾರಣವಾದ ಭಯವೇ. ಅನಂತರ ಕರುವಿನಿಂದ ರಸ ತೆಗೆಯುವ ಕ್ರಮ ಬಂದಿತು. ನಮ್ಮ ಬೆಳಗಾವಿಯ ಲಸಿಕಾ ಸಂಸ್ಥೆಯಲ್ಲಿ ಅದನ್ನು ಸಿದ್ಧಪಡಿಸಿ ಮುಂಬಯಿ ಪ್ರಾಂತಕ್ಕೆ ಕಳುಹುತ್ತಿದ್ದರು. ಆಗ ಗೋವಿನ ವಿಷಯವಾದ ನೋವು ಕೆಲವರಿಗೆ ಉಂಟಾಯಿತು. ಮಹಾತ್ಮಾ ಗಾಂಧಿಯವರೇ ಲಸಿಕೆಯನ್ನು ಕಟುವಾಗಿ ವಿರೋಧಿಸಿದವರು. ಹಿಂಜರಿದವರೆಲ್ಲರೂ ಅಜ್ಞಾನಿಗಳೆಂದು ಹೇಳುವವರು ಇದನ್ನು ಮರೆಯಬಾರದು.

ಮೂರನೆಯದು ಬಲಾತ್ಕಾರ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು, 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳಿಗೆ ವ್ಯಾಪಿಸಿತು. ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವನ್ನು ಮಾಡಿತು. ಸಿಪಾಯಿಗಳು ಮನೆಗಳನ್ನು ಹೊಕ್ಕು ಶೋಧಿಸಿದರು, ರೋಗಿಗಳನ್ನು ಹೆಂಡಿರು ಮಕ್ಕಳಿಂದ ಅಗಲಿಸಿ ಕೊಂಡೊಯ್ದರು. ಪುಣೆಯಲ್ಲಿ ಜನರ ಕ್ರೋಧವು ಎಷ್ಟು ಬೆಳೆಯಿತೆಂದರೆ, 1897ನೆಯ ಜೂನ್ 22ರಂದು ಪ್ಲೇಗಿನ ಅಧಿಕಾರಿ ರ್‍ಯಾಂಡ್ ಎಂಬವರು ಗುಂಡಿಗೆ ಗುರಿಯಾದರು. ಅದೇ ವರ್ಷ ಜನವರಿ 10ರಂದು ಹಾಫ್ಕಿನ್ ಎಂಬ ಮಹನೀಯರು ತಾವು ಕಂಡುಹಿಡಿದ ಪ್ಲೇಗಿನ ಲಸಿಕೆಯನ್ನು ಮೊಟ್ಟಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದರು. ಆದರೆ ಸಿಪಾಯಿಯ ಹಿಂದೆ ಬಂದ ಮದ್ದನ್ನು ಜನರು ಸಿಪಾಯಿಯ ಬಂಧುವೆಂದೇ ಭಾವಿಸಿದರು.

ಬಲಾತ್ಕಾರದ ಫಲವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಜೆನ್ನರನ ದೇಶದಲ್ಲಿಯೇ, ಲಸಿಕೆ ಹಾಕಿಸಿಕೊಂಡವರ ಮೈಯಿಂದ ಹಸುಗಳು ಹೊರಡುತ್ತಿರುವಂತೆ 1802ರಲ್ಲಿ ಗಿಲ್‌ರೇ ಎಂಬವನು ವ್ಯಂಗ್ಯಚಿತ್ರ ಬರೆದನು. 1853ರಲ್ಲಿ ಅಲ್ಲಿ ಮಕ್ಕಳಿಗೆ ಲಸಿಕೆಯನ್ನು ಕಡ್ಡಾಯ ಮಾಡಿದರು. 1885ರಲ್ಲಿ ಲೆಸ್ಟರ್ ನಗರದಲ್ಲಿ ಸಹಸ್ರಾರು ಜನರು ಬೀದಿಗಿಳಿದು ಇದನ್ನು ವಿರೋಧಿಸಿದರು. ಕೊನೆಗೆ 1898ರಲ್ಲಿ, ಮನಸ್ಸಾಕ್ಷಿಗೆ ಒಪ್ಪದವರು ತಮ್ಮ ಮಕ್ಕಳನ್ನು ಹೊರಗಿಟ್ಟುಕೊಳ್ಳಲು ಶಾಸನವೇ ಅವಕಾಶ ಕೊಡಬೇಕಾಯಿತು. ಆದುದರಿಂದ ಲಸಿಕೆಗೆ ಹಿಂಜರಿಯುವುದು ಹಿಂದುಳಿದ ಜನರ ಲಕ್ಷಣವೆಂಬ ಮಾತು ನಿಲ್ಲದು.

ನಾಲ್ಕನೆಯದು ಅಪಘಾತವೂ ಮದ್ದಿನ ದೌರ್ಬಲ್ಯವೂ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಪ್ಲೇಗಿನ ಲಸಿಕೆ ಹಾಕಿಸಿಕೊಂಡ 19 ಜನರು ಧನುರ್ವಾಯುವಿನಿಂದ ಮೃತರಾದರು. ಅವರೆಲ್ಲರಿಗೂ ಹಾಕಿದ್ದು ಒಂದೇ ಸೀಸೆಯ ಮದ್ದು. ಸೀಸೆಯು ಕಲುಷಿತವಾದುದು ಹಾಫ್ಕಿನರ ದೋಷದಿಂದಲ್ಲವೆಂದು 1907ರಲ್ಲಿ ನಿರ್ಣಯವಾಯಿತು. ಅಷ್ಟರಲ್ಲಿ ಅಪನಂಬಿಕೆಯು ದೇಶದಲ್ಲೆಲ್ಲ ಹರಡಿಹೋಗಿತ್ತು. ನಮ್ಮ ಮಲೆನಾಡಿನ ದೃಷ್ಟಾಂತವನ್ನೇ ನೋಡಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಗೆ ಒಂದು ಲಸಿಕೆಯಿತ್ತು. ಅದನ್ನು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು, ಚುಚ್ಚಿದ ಜಾಗದಲ್ಲಿ ನೋವು ಬಹಳ. ಇಷ್ಟಾದರೂ ಹಾಕಿಸಿಕೊಂಡವರಿಗೂ ರೋಗ ಬಂದುದುಂಟು. ಜನರು ಹಿಂಜರಿದರು. ಕಾಲಾನಂತರ ಪರೀಕ್ಷೆಗಳಲ್ಲಿ ಆ ಮದ್ದಿನ ಸಾಮರ್ಥ್ಯ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಿದರು. ಅಲ್ಲಿಯ ಕೃಷಿಕರ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಾಗುತ್ತಿತ್ತೇ?

ಐದನೆಯದು ಉದ್ದೇಶದ ಮೇಲಿನ ಸಂದೇಹ. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದ ಮೇಲೆ ಉತ್ತರಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಆ ಹನಿಗಳಿಂದ ಮಕ್ಕಳಿಗೆ ಸಂತಾನಶಕ್ತಿ ನಾಶವಾಗುವುದೆಂಬ ಗಾಳಿಮಾತು ಹಬ್ಬಿತು. ಆ ಮಾತು ಸುಳ್ಳು. ಆದರೆ ಅದು ಬೇರೂರಿದ ನೆಲ ಎಂಥದು? ಜ್ವರಕ್ಕೆ ಮದ್ದು ಕೇಳಿದರೆ ಸಿಗದ, ಕುಡಿಯಲು ಶುದ್ಧವಾದ ನೀರಿಲ್ಲದ ಕೇರಿಗಳಿಗೆ ಸರಕಾರದವರು ಎರಡು ಹನಿಗಾಗಿ ಮಾತ್ರ ಪದೇ ಪದೇ ಬಾಗಿಲು ತಟ್ಟಿದರು. ಉಳಿದುದಕ್ಕೆಲ್ಲ ಬಾರದವರು ಇದಕ್ಕೆ ಮಾತ್ರ ಏಕೆ ಬರುತ್ತಾರೆಂದು ಜನರು ಕೇಳಿದರು. ಪಾಕಿಸ್ತಾನದಲ್ಲಿ 2011ರಲ್ಲಿ ನಡೆದುದು ಇನ್ನೂ ಕೆಟ್ಟದ್ದು. ಅಬ್ಬೊಟಾಬಾದಿನಲ್ಲಿ ಅಡಗಿದ್ದ ಒಬ್ಬ ಶತ್ರುವನ್ನು ಪತ್ತೆ ಹಚ್ಚಲು ಅಮೆರಿಕದ ಗುಪ್ತಚಾರ ಸಂಸ್ಥೆಯು ಲಸಿಕೆ ಹಾಕುವ ನೆವವನ್ನು ಹೂಡಿತು. ಅದು ಬಯಲಾದ ಮೇಲೆ ಆ ದೇಶದಲ್ಲಿ ಪೋಲಿಯೊ ಹನಿ ಹಾಕಲು ಹೋದ ನಿರಪರಾಧಿಗಳಾದ ಸ್ತ್ರೀಯರು ಕೊಲೆಗೀಡಾದರು. ಲಸಿಕೆಯ ಹೆಸರಿನಲ್ಲಿ ಆಡಿದ ಒಂದು ಕಪಟಕ್ಕೆ ಸಾವಿರಾರು ಮಕ್ಕಳು ಬೆಲೆ ತೆರಬೇಕಾಯಿತು.

ಕೊನೆಯದು ಮರೆವೂ ಅನನುಕೂಲವೂ. ಸಿಡುಬಿನ ಕಲೆಯ ಮುಖಗಳು ಈಗ ಅಪರೂಪ. ಗಂಟಲಮಾರಿಯಿಂದ ಉಸಿರುಕಟ್ಟಿದ ಕೂಸನ್ನು ಈಗಿನ ತಾಯಂದಿರಲ್ಲಿ ಹೆಚ್ಚಿನವರು ಕಂಡಿಲ್ಲ. ರೋಗ ಕಣ್ಮರೆಯಾದೊಡನೆ ಸೂಜಿಯ ನೋವು ಮಾತ್ರ ಕಾಣುತ್ತದೆ. ಇನ್ನು ಕೂಲಿಯವಳಿಗೆ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಆ ರಾತ್ರಿ ಮಗುವಿಗೆ ಜ್ವರ ಬಂದರೆ ಮರುದಿನದ್ದೂ ಹೋಯಿತು. ಇದನ್ನು ಹಟವೆಂದು ಕರೆಯುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಹಿಂಜರಿಕೆಯ ಕಾರಣಗಳನ್ನು ಉದಾಸೀನ, ಅವಿಶ್ವಾಸ, ಅನನುಕೂಲ ಎಂದು ಮೂರಾಗಿ ವಿಂಗಡಿಸಿದ್ದಾರೆ. 2019ರಲ್ಲಿ ಆ ಸಂಸ್ಥೆಯು ಈ ಹಿಂಜರಿಕೆಯನ್ನು ಲೋಕದ ಆರೋಗ್ಯಕ್ಕೆ ಒದಗಿದ ಹತ್ತು ಮುಖ್ಯ ವಿಪತ್ತುಗಳಲ್ಲಿ ಒಂದೆಂದು ಎಣಿಸಿತು.

ಮಹನೀಯರೇ, ಪೂರ್ವಪಕ್ಷವನ್ನು ಕುಂದಿಲ್ಲದಂತೆ ಹೇಳಿದ್ದೇನೆಂದು ನಂಬುತ್ತೇನೆ. ಇನ್ನು ಸಿದ್ಧಾಂತ.

ಯಥಾರ್ಥಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂಬ ಸಾಧನಗಳು ನಮ್ಮ ಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿವೆ. ಲಸಿಕೆಯ ಪ್ರಯೋಜನಕ್ಕೆ ಪ್ರತ್ಯಕ್ಷವುಂಟೇ? ಇಲ್ಲಿಯೇ ತೊಡಕಿರುವುದು. ಔಷಧವನ್ನು ಕುಡಿದು ಜ್ವರ ಬಿಟ್ಟರೆ ಫಲವು ಕಣ್ಣಿಗೆ ಕಾಣುತ್ತದೆ. ಲಸಿಕೆಯ ಫಲವಾದರೋ ಬಾರದೆ ಹೋದ ರೋಗ. ಬಾರದೆ ಹೋದುದನ್ನು ಯಾರು ಕಂಡಾರು? ಹಾನಿಯಾದರೆ ಅದು ಕಾಣುತ್ತದೆ, ಲಾಭವು ಕಾಣುವುದಿಲ್ಲ. ಆದಕಾರಣ ಒಂದು ಮನೆಯ ಪ್ರತ್ಯಕ್ಷ ಇಲ್ಲಿ ಸಾಲದು. ಊರು ಊರುಗಳನ್ನು, ವರ್ಷ ವರ್ಷಗಳನ್ನು ಹೋಲಿಸಿ ಅನುಮಾನಿಸಬೇಕು.

ಹಾಗೆ ಹೋಲಿಸಿದರೆ ಫಲವು ಸೂರ್ಯಪ್ರಕಾಶದಂತೆ ಸ್ಪಷ್ಟವಾಗಿದೆ. 20ನೆಯ ಶತಮಾನವೊಂದರಲ್ಲಿಯೇ ಲೋಕದಲ್ಲಿ ಅಂದಾಜು 30 ಕೋಟಿ ಜನರನ್ನು ನುಂಗಿದ ಸಿಡುಬು, ನಮ್ಮ ದೇಶದಲ್ಲಿ 1975ರ ಮೇ ತಿಂಗಳಲ್ಲಿ ಕೊನೆಯ ಬಾರಿಗೆ ಕಾಣಿಸಿಕೊಂಡಿತು. ಅದು ಸಮಸ್ತ ಭೂಮಂಡಲದಿಂದ ತೊಲಗಿತೆಂದು 1980ನೆಯ ಮೇ 8ರಂದು ಘೋಷಿಸಲ್ಪಟ್ಟಿತು. 2002ರಲ್ಲಿ ಭಾರತದಲ್ಲಿ 1600 ಮಕ್ಕಳು ಪೋಲಿಯೊದಿಂದ ಅಂಗವಿಕಲರಾದರು, ಬಹುಪಾಲು ಉತ್ತರಪ್ರದೇಶದವರೇ. 2011ನೆಯ ಜನವರಿ 13ರಂದು ಬಂಗಾಳದ ಹಾವಡಾದಲ್ಲಿ ಕೊನೆಯ ಪ್ರಕರಣ ಕಂಡಿತು. 2014ನೆಯ ಮಾರ್ಚ್ 27ರಂದು ನಮ್ಮ ದೇಶವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ಯಾವ ಮದ್ದಿನಲ್ಲಿಯೂ ತೀರ ವಿರಳವಾದ ಅಪಾಯ ಇಲ್ಲದಿಲ್ಲ. ಬಾಯಿಗೆ ಹಾಕುವ ಪೋಲಿಯೊ ಹನಿಯಿಂದಲೇ ಲಕ್ಷಾಂತರ ಮಕ್ಕಳಲ್ಲಿ ಒಬ್ಬರಿಗೆ ಆ ರೋಗ ಬರುವುದುಂಟು. 2021ರಲ್ಲಿ ಕೊರೋನದ ಕೆಲವು ಲಸಿಕೆಗಳಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯೂ ಕಂಡುಬಂದಿತು. ಇದನ್ನು ಮುಚ್ಚಬಾರದು. ತಕ್ಕಡಿಯ ಎರಡು ತಟ್ಟೆಗಳನ್ನೂ ತೋರಿಸಿದವನ ತೂಕವನ್ನೇ ಜನರು ನಂಬುವುದು.

ಆದರೆ ಹೊಲದಲ್ಲಿ ದುಡಿಯುವ ತಾಯಿಯು ಈ ಅಂಕಿಗಳನ್ನೆಲ್ಲ ತೂಗಿ ನೋಡುವುದು ಸಾಧ್ಯವೇ? ಅವಳಿಗೇಕೆ, ನನಗೂ ಸಾಧ್ಯವಿಲ್ಲ. ನಾವೆಲ್ಲರೂ ಆಪ್ತವಾಕ್ಯದಿಂದಲೇ ನಡೆಯುತ್ತೇವೆ. ಹಾಗಾದರೆ ಆಪ್ತನೆಂದರೆ ಯಾರು? ನ್ಯಾಯಸೂತ್ರಗಳಿಗೆ ಭಾಷ್ಯವನ್ನು ರಚಿಸಿದ ವಾತ್ಸ್ಯಾಯನನು ಇದಕ್ಕೆ ಲಕ್ಷಣವನ್ನು ಹೇಳಿದ್ದಾನೆ. ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರಬೇಕು. ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಉಪದೇಶಿಸಬೇಕು. ಇಂಥವನೇ ಆಪ್ತನು. ಈ ಲಕ್ಷಣವು ಋಷಿಗೆ ಹೇಗೋ ಪರದೇಶೀಯನಿಗೂ ಹಾಗೆಯೇ ಎಂದು ಅವನು ಸ್ಪಷ್ಟವಾಗಿ ಹೇಳಿರುವುದು ಬಹಳ ಮಹತ್ತ್ವದ ಸಂಗತಿ. ಮದ್ದು ಯಾವ ದೇಶದಿಂದ ಬಂದಿತೆಂಬುದು ಪ್ರಶ್ನೆಯಲ್ಲ. ಹೇಳುವವನು ಬಲ್ಲನೇ, ಬಲ್ಲುದನ್ನು ಬಲ್ಲಂತೆಯೇ ಹೇಳುತ್ತಾನೆಯೇ ಎಂಬುದೇ ಪ್ರಶ್ನೆ.

ಈ ಒರೆಗಲ್ಲಿಗೆ ಹಚ್ಚಿ ನೋಡಿರಿ. ಪುಣೆಯ ಸಿಪಾಯಿಗಳು ಆಪ್ತರಾಗಲಿಲ್ಲ. ಅವರು ತಿಳಿಸಲು ಬಂದವರೇ ಅಲ್ಲ. ಅಬ್ಬೊಟಾಬಾದಿನವರು ಆಪ್ತರಲ್ಲ, ಅವರ ಮನದಲ್ಲಿದ್ದುದು ಒಂದು, ಬಾಯಲ್ಲಿದ್ದುದು ಇನ್ನೊಂದು. ಇತ್ತ ವಿರೋಧಿಗಳನ್ನೂ ಇದೇ ಕಲ್ಲಿಗೆ ಹಚ್ಚಬೇಕು. 1998ರಲ್ಲಿ ವೇಕ್‌ಫೀಲ್ಡ್ ಎಂಬ ಆಂಗ್ಲ ವೈದ್ಯನು ಕೇವಲ 12 ಮಕ್ಕಳ ವೃತ್ತಾಂತವನ್ನು ಮುಂದಿಟ್ಟುಕೊಂಡು, ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂ ಎಂಬ ಬೆಳವಣಿಗೆಯ ತೊಂದರೆಗೂ ಸಂಬಂಧವಿರಬಹುದೆಂಬ ಭಯವನ್ನು ಲೋಕದಲ್ಲಿ ಹರಡಿದನು. ಆ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅವನ ವೈದ್ಯವೃತ್ತಿಯ ಅಧಿಕಾರವೂ ರದ್ದಾಯಿತು. ಬಲ್ಲವನಾಗಿದ್ದರೂ ಬಲ್ಲಂತೆ ಹೇಳದವನಿಗೆ ಅವನು ಉದಾಹರಣೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ ರುಬೆಲ್ಲಾ ಲಸಿಕೆಯ ಆಂದೋಲನ ನಡೆದಾಗ ಕೈಯಿಂದ ಕೈಗೆ ಮೊಬೈಲುಗಳಲ್ಲಿ ಹರಿದ ಹೆಸರಿಲ್ಲದ ಸಂದೇಶಗಳಿಗೆ ಇಷ್ಟು ಕೂಡ ಇಲ್ಲ. ಅಲ್ಲಿ ಹೇಳುವವನು ಯಾರೆಂಬುದೇ ತಿಳಿಯದು. ಕರ್ತೃವಿಲ್ಲದ ಮಾತನ್ನು ಆಪ್ತವಾಕ್ಯವೆಂದು ಹಿಡಿಯುವುದು ತರ್ಕಕ್ಕೆ ವಿರುದ್ಧ.

ಇಲ್ಲಿ ನಮ್ಮಂಥ ಸಂಸ್ಕೃತದವರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂಗತಿಯುಂಟು. 1819ರಲ್ಲಿ ಮದರಾಸಿನ ಒಂದು ವೃತ್ತಪತ್ರಿಕೆಯಲ್ಲಿ, ಹಸುವಿನ ಸಿಡುಬಿನ ಲಸಿಕೆಯು ಧನ್ವಂತರಿಯ ಪ್ರಾಚೀನ ಗ್ರಂಥದಲ್ಲಿಯೇ ಉಕ್ತವಾಗಿದೆಯೆಂದು ಸಂಸ್ಕೃತ ಶ್ಲೋಕಗಳು ಅಚ್ಚಾದುವು. ಜನರು ಹಳೆಯದೆಂದು ನಂಬಿ ಲಸಿಕೆಯನ್ನು ಒಪ್ಪಲೆಂಬ ಸದುದ್ದೇಶದಿಂದ ಅವನ್ನು ಆ ಕಾಲದಲ್ಲಿಯೇ ಕಟ್ಟಿದರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಸತ್ಯವಾದ ಮದ್ದಿಗೆ ಸುಳ್ಳು ಶ್ಲೋಕದ ಅನುಪಾನವೇಕೆ? ಸುಳ್ಳೆಂದು ತಿಳಿದ ದಿನ ಶ್ಲೋಕದೊಡನೆ ಮದ್ದಿನ ಮೇಲಣ ನಂಬಿಕೆಯೂ ಹೋಗುತ್ತದೆ. ಹಿರಿಯರಲ್ಲಿ ಎಲ್ಲವೂ ಇತ್ತೆಂದು ಹೇಳಿಯೇ ಹೊಸದನ್ನು ಒಪ್ಪಿಸಬೇಕೆಂಬ ಚಪಲವು ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಅದು ಹಿರಿಯರಿಗೂ ಗೌರವವಲ್ಲ, ಕೇಳುವವರಿಗೂ ಹಿತವಲ್ಲ.

ಮತ್ತೆ ಜನರ ಶಂಕೆ ನೀಗಿದ್ದು ಹೇಗೆ? ಉತ್ತರಪ್ರದೇಶದಲ್ಲಿ ಕಾರ್ಯ ಸಾಗಿದ್ದು ಬೆದರಿಕೆಯಿಂದಲ್ಲ. ಆಯಾ ಕೇರಿಯಲ್ಲಿಯೇ ಬಾಳುವ ಸ್ತ್ರೀಯರನ್ನು ಆರಿಸಿ ಮನೆಮನೆಗೆ ಕಳುಹಿದರು. ಮಸೀದಿಗಳ ಇಮಾಮರು ತಾವೇ ನಿಂತು ಜನರಿಗೆ ತಿಳಿಹೇಳಿದರು. ಎರಡು ಹನಿಯೊಡನೆ ಭೇದಿಯ ಮದ್ದು, ನೈರ್ಮಲ್ಯ, ಉಳಿದ ಲಸಿಕೆಗಳು ಇವುಗಳ ಮಾತನ್ನೂ ಎತ್ತಿದರು. ಜನರು ಕೇಳಿದ ಪ್ರಶ್ನೆಗೆ ಉತ್ತರ ದೊರೆಯಿತು; ಬಾಗಿಲುಗಳು ತೆರೆದುವು. ಇನ್ನೂರು ವರ್ಷಗಳ ಹಿಂದೆ ಮೈಸೂರಿನ ಅರಮನೆಯವರು ತೋರಿದ ದಾರಿಯೂ ಇದೇ: ಹೇಳುವವನು ಮೊದಲು ತಾನು ಮಾಡಬೇಕು, ಮಾಡಿದುದು ಕಾಣುವಂತಿರಬೇಕು.

ಸದ್ಭಕ್ತರೇ, ಇದರಿಂದ ನಮಗೆ ಬರುವ ಕರ್ತವ್ಯವಿಷ್ಟು. ಊರಿನಲ್ಲಿ ಮಠದ ಶಿಷ್ಯನೆಂದರೆ ಜನರು ನಾಲ್ಕು ಮಾತು ಹೆಚ್ಚು ಕೇಳುತ್ತಾರೆ. ಆ ನಂಬಿಕೆಯು ನಾವು ಗಳಿಸಿದ ಆಸ್ತಿಯಲ್ಲ, ನಮ್ಮಲ್ಲಿ ಇಟ್ಟ ನಿಕ್ಷೇಪ. ತಿಳಿಯದ ಮದ್ದನ್ನು ಹೊಗಳಿ ಅದನ್ನು ಕಳೆಯಬಾರದು. ತಿಳಿಯದ ಗಾಳಿಮಾತನ್ನು ಮುಂದಕ್ಕೆ ದಾಟಿಸಿಯೂ ಕಳೆಯಬಾರದು. ಶಂಕೆಯುಳ್ಳ ತಾಯಿಯನ್ನು ಕಂಡರೆ ಮೊದಲು ಅವಳ ಶಂಕೆಯನ್ನು ಕೊನೆಯವರೆಗೆ ಕೇಳಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಬಲ್ಲ ವೈದ್ಯರ ಬಳಿಗೆ ಅವಳೊಡನೆ ನಡೆದು ಹೋಗಿರಿ. ಕೂಲಿ ಹೋಗುವ ಕಷ್ಟವಿದ್ದರೆ ಲಸಿಕೆಯ ದಿನ ಅವಳ ಮನೆಯ ಹಿರಿಯ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡನ್ನು ಮಾಡಿರಿ. ಊರೂರು ನಡೆಯುವ ಆಶಾ ಕಾರ್ಯಕರ್ತೆಯನ್ನೂ ದಾದಿಯನ್ನೂ ಹೊರಗೆ ನಿಲ್ಲಿಸಿ ಮಾತನಾಡಿಸದೆ ಒಳಗೆ ಕರೆದು ನೀರು ಕೊಡಿರಿ. ಅದನ್ನು ಕಂಡ ನೆರೆಮನೆಯವರ ಬಾಗಿಲೂ ತೆರೆಯುತ್ತದೆ.

ಇನ್ನೊಂದು ಮಾತು. ನನ್ನ ಮಗುವಿನ ವಿಷಯ ನನಗೆ ಸೇರಿದ್ದೆಂದು ಕೆಲವರು ಹೇಳುವರು. ದಡಾರದ ಮೊದಲನೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಹಾಕುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಎಳೆಗೂಸಿಗೆ ರಕ್ಷೆ ಯಾವುದು? ಸುತ್ತಲಿನ ಮಕ್ಕಳೆಲ್ಲ ಹಾಕಿಸಿಕೊಂಡಿದ್ದರೆ ರೋಗವು ಆ ತೊಟ್ಟಿಲವರೆಗೆ ಬರಲು ದಾರಿಯಿರುವುದಿಲ್ಲ. ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಲಸಿಕೆಯಾಗಿದ್ದರೆ ಮಾತ್ರ ದಡಾರಕ್ಕೆ ಈ ಬೇಲಿ ನಿಲ್ಲುವುದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ನಾನು ಬಿಟ್ಟ ಒಂದು ಕಂಡಿಯಿಂದ ಮತ್ತೊಬ್ಬಳ ಕೂಸಿಗೆ ಕೇಡು ಬರುವುದಾದರೆ ಅದು ನನ್ನ ಸ್ವಂತ ವಿಷಯವಾಗಿ ಉಳಿಯುವುದೇ?

ಸಿಡುಬು ಲೋಕದಲ್ಲಿ ಸಹಜವಾಗಿ ಕೊನೆಗೆ ಬಂದದ್ದು 1977ರಲ್ಲಿ, ಸೋಮಾಲಿಯ ದೇಶದ ಆಸ್ಪತ್ರೆಯೊಂದರ ಅಡಿಗೆಯವನಾದ ಅಲಿ ಮಾವ್ ಮಾಲಿನ್ ಎಂಬ ತರುಣನಿಗೆ. ಆಸ್ಪತ್ರೆಯಲ್ಲಿಯೇ ಇದ್ದರೂ ಅವನು ನೋವಾಗುವುದೆಂಬ ಭಯದಿಂದ ಲಸಿಕೆಯನ್ನು ತಪ್ಪಿಸಿಕೊಂಡಿದ್ದನು. ಅವನು ಬದುಕಿದನು. ಮುಂದೆ ತನ್ನ ದೇಶದಲ್ಲಿ ಪೋಲಿಯೊ ಬಂದಾಗ ಊರೂರಿಗೆ ಹೋಗಿ, ಹಿಂಜರಿಯುವ ತಾಯಂದಿರಿಗೆ ತನ್ನ ಕಥೆಯನ್ನೇ ಹೇಳಿ, ಮಕ್ಕಳಿಗೆ ಹನಿ ಹಾಕಿಸಿದನು; 2013ರಲ್ಲಿ ಅದೇ ಸೇವೆಯಲ್ಲಿದ್ದಾಗ ಮಲೇರಿಯಾ ಜ್ವರದಿಂದ ತೀರಿಕೊಂಡನು. ಹೆದರಿದ್ದವನೇ ಹೆದರುವವರಿಗೆ ಆಪ್ತನಾದನು. ಅವನು ತಿಳಿದವನು, ತಿಳಿದುದನ್ನು ತಿಳಿದಂತೆ ಹೇಳಿದವನು.

ಶಂಕೆಯುಳ್ಳವರನ್ನು ದೂರ ನೂಕದೆ, ಅವರಿಗೆ ಅಂಥ ಆಪ್ತರಾಗುವ ಯೋಗ್ಯತೆಯನ್ನು ಮಠದ ಶಿಷ್ಯರಾದ ನಾವೆಲ್ಲರೂ ಸಂಪಾದಿಸಿಕೊಳ್ಳಬೇಕೆಂದು ಅರಿಕೆ ಮಾಡುತ್ತೇನೆ.